ಯಂತ್ರ ಬಂತು, ಸೀಟು ಯಾರದು?

ಊರೂರಿಗೆ ಟ್ಯಾಂಕಿನ ಲಾರಿ ಬಂದಿದೆ. ಪುರಸಭೆಯದೋ, ಗುತ್ತಿಗೆದಾರನದೋ, ಯಾರೋ ಸಾಹುಕಾರನ ಖಾಸಗಿ ಗಾಡಿಯೋ, ಅಂತೂ ಬಂದಿದೆ. ಬೆನ್ನ ಮೇಲೆ ಉದ್ದನೆಯ ಟ್ಯಾಂಕು, ಪಕ್ಕದಲ್ಲಿ ಸುತ್ತಿಟ್ಟ ದಪ್ಪ ಪೈಪು. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಸಕ್ಕಿಂಗ್ ಯಂತ್ರ, ಜೆಟ್ಟಿಂಗ್ ಯಂತ್ರ. ಬೆಂಗಳೂರಿನ ದೊಡ್ಡ ಜನ ಇದಕ್ಕೆ ಹನಿಸಕ್ಕರ್ ಅಂತಾರೆ. ಹೇಲು ಹೊರುವ ಗಾಡಿಗೆ ಜೇನಿನ ಹೆಸರು! ಇದೇನು ಹೊಸದಲ್ಲ. ನಮ್ಮನ್ನೂ ದೇವರ ಮಕ್ಕಳು ಅಂತ ಕರೆದು ಗುಂಡಿಗೆ ಇಳಿಸಿದ ದೇಶ ಇದು.

ಈ ಗಾಡಿಯಲ್ಲಿ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ. ಒಬ್ಬ ಸ್ಟೀರಿಂಗ್ ಹಿಡಿಯುತ್ತಾನೆ, ಪಂಪು ಚಾಲೂ ಮಾಡುತ್ತಾನೆ, ವಾಲ್ವು ತಿರುಗಿಸುತ್ತಾನೆ. ಇನ್ನೊಬ್ಬ ಪೈಪು ಹೆಗಲಿಗೆ ಹಾಕಿಕೊಂಡು ಗುಂಡಿಯ ಬಾಯಿಗೆ ಹೋಗುತ್ತಾನೆ. ಮೊದಲನೆಯವನು ಆಪರೇಟರ್, ಎರಡನೆಯವನು ಹೆಲ್ಪರ್. ಸೀಟಿನಲ್ಲಿ ಕೂತವನ ಜಾತಿ ಯಾವುದಾದರೂ ಇರಬಹುದು. ಪೈಪಿನ ತುದಿಯಲ್ಲಿ ನಿಂತವನ ಜಾತಿಯನ್ನು ಕೇಳುವ ಅಗತ್ಯವೇ ಇಲ್ಲ. ಕೇಂದ್ರ ಸರ್ಕಾರ ನಮಸ್ತೆ ಅನ್ನುವ ಯೋಜನೆಯ ಕೆಳಗೆ ಒಳಚರಂಡಿ ಮತ್ತು ಕಕ್ಕಸುಗುಂಡಿಯ ಕೆಲಸಗಾರರನ್ನು ಲೆಕ್ಕ ಹಾಕಿತು. 2024ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಸುಮಾರು 38 ಸಾವಿರ ಜನರಲ್ಲಿ ನೂರಕ್ಕೆ ಸುಮಾರು 69 ಜನ ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಪಂಗಡದವರನ್ನೂ ಹಿಂದುಳಿದವರನ್ನೂ ಸೇರಿಸಿದರೆ ನೂರಕ್ಕೆ 92ರ ಹತ್ತಿರ. ಮನುಸ್ಮೃತಿಯನ್ನು 1927ರಲ್ಲಿ ಮಹಾಡದಲ್ಲಿ ಸುಟ್ಟರು. ಅದರ ಬೂದಿಯಿಂದಲೇ ಈ ಪಟ್ಟಿ ಎದ್ದು ಬಂದ ಹಾಗಿದೆ.

ಯಂತ್ರ ಬಂದರೆ ಜಾತಿ ಹೋಗುತ್ತದೆ ಅಂತ ನಮ್ಮ ಮೇಷ್ಟರುಗಳು ಪಾಠ ಹೇಳಿದ್ದಾರೆ. ಹೋಗಿದೆಯಾ? ಈ ಸಂಚಿಕೆಯಲ್ಲಿ ಈ ಒಂದು ಪ್ರಶ್ನೆಯನ್ನು ಹಿಡಿದು ಕೂರೋಣ.

ಮೊದಲು ಈ ಯಂತ್ರ ಏನು ಅಂತ ತಿಳಿಯೋಣ. ನಮ್ಮ ಜನರನ್ನು ಕೊಲ್ಲುವುದನ್ನೂ ಉಳಿಸುವುದನ್ನೂ ನಾವು ಬಲ್ಲವರಾಗಿರಬೇಕು. ಸಕ್ಕಿಂಗ್ ಗಾಡಿ ಅಂದರೆ ಲಾರಿಯ ಇಂಜಿನ್ನಿನ ಬಲದಿಂದ ತಿರುಗುವ ಒಂದು ಪಂಪು. ಅದು ಟ್ಯಾಂಕಿನೊಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಟ್ಯಾಂಕು ಬರಿದಾದಾಗ ಹೊರಗಿನ ಗಾಳಿಯ ಒತ್ತಡವೇ ಗುಂಡಿಯಲ್ಲಿರುವುದನ್ನು ಪೈಪಿನ ಮೂಲಕ ಮೇಲಕ್ಕೆ ನೂಕುತ್ತದೆ. ಅಂದರೆ ಗುಂಡಿ ಆಳವಾದಷ್ಟೂ ಯಂತ್ರದ ಕೈ ಸೋಲುತ್ತದೆ. ಪಿಯುಸಿಯಲ್ಲಿ ಓದಿದ್ದೀರಿ: ಹತ್ತು ಮೀಟರಿಗಿಂತ ಎತ್ತರಕ್ಕೆ ನೀರಿನ ಕಂಬವನ್ನು ನಿರ್ವಾತ ಎತ್ತಲಾರದು. ನಿಜವಾದ ಕೆಲಸದಲ್ಲಿ ಅದಕ್ಕಿಂತ ಬಹಳ ಕಡಿಮೆ.

ಜೆಟ್ಟಿಂಗ್ ಗಾಡಿಯದು ಬೇರೆ ವಿದ್ಯೆ. ಅದು ಎಳೆಯುವುದಿಲ್ಲ, ಹೊಡೆಯುತ್ತದೆ. ಗಟ್ಟಿ ಪೈಪಿನ ತುದಿಯ ನಾಝಲ್ಲಿನಿಂದ ನೀರು ಭಾರೀ ಒತ್ತಡದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಪೈಪನ್ನು ಚರಂಡಿಯೊಳಗೆ ಮುಂದಕ್ಕೆ ತಳ್ಳಿಕೊಂಡು ಹೋಗಿ, ಕಟ್ಟಿಕೊಂಡ ಹೂಳನ್ನು ಒಡೆದು ತರುತ್ತದೆ. ಆ ನೀರಿನ ಎದುರಿಗೆ ಕೈ ಕೊಟ್ಟರೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಇದ್ದೂ ಮನುಷ್ಯ ಯಾಕೆ ಇಳಿಯುತ್ತಾನೆ?

ಒಂದು, ಗಲ್ಲಿ. ದೊಡ್ಡ ಲಾರಿ ಸ್ಲಮ್ಮಿನ ಸಂದಿಗೆ ಹೋಗುವುದಿಲ್ಲ, ಪೇಟೆಯ ಹಳೇ ಬೀದಿಗೂ ಹೋಗುವುದಿಲ್ಲ. ಅಗಲದ ರಸ್ತೆಗೆ ಯಂತ್ರ, ಸಂದಿಗೆ ಮನುಷ್ಯ.

ಎರಡು, ತಳದ ಗಸಿ. ಗುಂಡಿಯ ಮೇಲಿನ ನೀರು ಪೈಪಿಗೆ ಬರುತ್ತದೆ. ವರ್ಷಗಟ್ಟಲೆ ಕೂತ ಗಸಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಅದಕ್ಕೆ ನೀರು ಹೊಡೆದು, ಕದಡಿ, ಮತ್ತೆ ಮತ್ತೆ ಎಳೆಯಬೇಕು. ಅದಕ್ಕೆ ಹೊತ್ತು ಬೇಕು, ಡೀಸೆಲ್ಲು ಬೇಕು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಎಣಿಸುವ ಗುತ್ತಿಗೆದಾರನಿಗೆ ಅಷ್ಟು ಪುರುಸೊತ್ತಿಲ್ಲ. "ಒಂದೇ ನಿಮಿಷ, ಇಳಿದು ಸ್ವಲ್ಪ ಕೆದಕಿ ಬಿಡೋ" ಅಂತಾನೆ. ಆ ಒಂದು ನಿಮಿಷದಲ್ಲಿ ಎಷ್ಟು ಮನೆಗಳ ದೀಪ ಆರಿವೆ!

ಮೂರು, ಕೆಟ್ಟು ನಿಂತ ಯಂತ್ರ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಪಂಪಿಗೆ ದಿನಾ ಎಣ್ಣೆ ನೋಡಬೇಕು. ಒಳಗಿನ ರೆಕ್ಕೆಗಳು ಸವೆಯುತ್ತವೆ. ಪೈಪಿನ ಜೋಡಣೆಯ ವಾಷರ್ ಹರಿದರೆ ಎಳೆತವೇ ಇಲ್ಲ. ಕೊಳಚೆ ಪಂಪಿನೊಳಕ್ಕೆ ನುಗ್ಗಿದರೆ ಪಂಪೇ ಹೋಯಿತು. ಯಂತ್ರ ಕೊಳ್ಳುವಾಗ ಹಾರ, ರಿಬ್ಬನ್ನು, ಮಂತ್ರಿಯ ಫೋಟೋ ಎಲ್ಲ ಇರುತ್ತದೆ. ವಾಷರ್ ಕೊಳ್ಳುವಾಗ ಫೈಲು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಯಂತ್ರ ಶೆಡ್ಡಿನಲ್ಲಿ ನಿಂತ ದಿನ ನಮ್ಮವನು ಗುಂಡಿಯಲ್ಲಿರುತ್ತಾನೆ. ಹಾಗಾಗಿ ರಿಪೇರಿ ಅನ್ನುವುದು ನಮ್ಮ ಜನರ ಜೀವದ ಪ್ರಶ್ನೆ.

ಇನ್ನೊಂದು ಮಾತು. ಆ ಗಾಡಿಯ ಹೊಟ್ಟೆಯೇ ಒಂದು ಗುಂಡಿ. ತಳದಲ್ಲಿ ಕೂತ ಕಸ ಕೆರೆಯಲು ಟ್ಯಾಂಕಿನೊಳಗೆ ಮನುಷ್ಯನನ್ನು ಇಳಿಸಿದರೆ ಅಲ್ಲಿಯೂ ಅದೇ ಗಾಳಿ, ಅದೇ ಸಾವು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಮೂಗಿಗೆ ತಿಳಿಯುತ್ತದೆ. ಹೆಚ್ಚಾದಾಗ ಮೊದಲು ಮೂಗನ್ನೇ ಸಾಯಿಸುತ್ತದೆ. ವಾಸನೆ ಹೋಯಿತು, ಗ್ಯಾಸು ಹೋಯಿತು ಅಂತ ಮನುಷ್ಯ ತಿಳಿಯುತ್ತಾನೆ. ಆಗಲೇ ಅದು ಉಸಿರು ಹಿಡಿಯುವುದು. ಮಿಥೇನಿಗೆ ವಾಸನೆಯೇ ಇಲ್ಲ, ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಬಿದ್ದವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಚಿಕ್ಕಪ್ಪ ಇಳಿಯುತ್ತಾನೆ. ಒಂದೇ ಗುಂಡಿಯಲ್ಲಿ ಒಂದೇ ಮನೆಯವರು ಸಾಲಾಗಿ ಸಾಯುವುದು ಹೀಗೆ.

ಕಾನೂನು ಇಲ್ಲವೆ ಅಂತ ಕೇಳಬಹುದು. ಇದೆ, ರಾಶಿ ಇದೆ. 1993ರಲ್ಲಿ ಒಂದು ಕಾಯ್ದೆ ಬಂತು. ಅದು ಒಣ ಕಕ್ಕಸಿನ ಬಗ್ಗೆ ಮಾತಾಡಿತು. 2013ರಲ್ಲಿ ಇನ್ನೊಂದು ಬಂತು, ಜಾರಿಯಾಗಿದ್ದು ಆ ವರ್ಷದ ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನ. ಯಾವುದೇ ವ್ಯಕ್ತಿ, ಪುರಸಭೆ, ಏಜೆನ್ಸಿ ಯಾರನ್ನೂ ಅಪಾಯಕರವಾಗಿ ಒಳಚರಂಡಿಗೋ ಕಕ್ಕಸುಗುಂಡಿಗೋ ಇಳಿಸಬಾರದು ಅಂತ ಅದರ 7ನೇ ಕಲಂ ಹೇಳುತ್ತದೆ. ಇಳಿಸಿದರೆ ಮೊದಲ ಸಲ ಎರಡು ವರ್ಷದವರೆಗೆ ಜೈಲು, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಜಾಮೀನಿಲ್ಲದ ಅಪರಾಧ. ಒಳಚರಂಡಿ ಶುಚಿಗೆ ಯಂತ್ರ ತರುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ 33ನೇ ಕಲಂ ಹೇಳುತ್ತದೆ. ಆದರೆ ಕಾಯ್ದೆಗೆ ಒಂದು ಕಿಂಡಿ ಇಟ್ಟಿದ್ದಾರೆ. ರಕ್ಷಣೆಯ ಸಾಮಾನು ಕೊಡದೆ ಇಳಿಸಿದರೆ ಮಾತ್ರ ಅದು "ಅಪಾಯಕರ". ಕೊಟ್ಟೆವು ಅಂತ ಒಂದು ಸಹಿ ಇದ್ದರೆ? ಗಂಬೂಟಿನ ರಸೀದಿ ಒಂದು ಮನುಷ್ಯನ ಹೆಣಕ್ಕೆ ಜವಾಬಾಗುತ್ತದೆ.

ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ, 1993ರಿಂದೀಚೆಗೆ ಸತ್ತವರ ಮನೆಗೆ ತಲಾ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಿತು. ಒಳ್ಳೆಯದೆ. ಆದರೆ ಸತ್ತ ಮೇಲೆ ಮನೆಗೆ 30 ಲಕ್ಷ ಬರಬೇಕಾದವನಿಗೆ ಬದುಕಿದ್ದಾಗ ತಿಂಗಳ ಸಂಬಳ ಯಾಕೆ ಸರಿಯಾಗಿ ಬರುವುದಿಲ್ಲ? ಹೆಣಕ್ಕೆ ಬೆಲೆ ಕಟ್ಟಿದ ಈ ರಾಜ್ಯ ಉಸಿರಿಗೆ ಯಾಕೆ ಕಟ್ಟಲಿಲ್ಲ?

ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟರು. ಅದೇ ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗೆ ಊರೆಲ್ಲ ಹೊತ್ತಿ ಉರಿಯಿತು. ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದರು. ಆ ಏಟಿನಿಂದಲೇ ನಮ್ಮ ಚಳವಳಿ ಕಣ್ಣು ಬಿಟ್ಟಿತು. ಸಾಹಿತ್ಯವನ್ನು ಬೂಸಾ ಅಂದಿದ್ದಕ್ಕೆ ಬೀದಿಗಿಳಿದ ಜನ, ಮನುಷ್ಯನ ತಲೆಯ ಮೇಲೆ ಹೇಲು ಹೊರಿಸಿದ್ದಕ್ಕೆ ಎಂದಾದರೂ ಬೀದಿಗೆ ಇಳಿದಿದ್ದರೆ?

ಕೋಲಾರದ ಚಿನ್ನದ ಗಣಿಯನ್ನು ನೋಡಿ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಮೂರು ಕಿಲೋಮೀಟರಿಗೂ ಆಳದಿಂದ ಚಿನ್ನದ ಕಲ್ಲು ಎತ್ತುವ ಯಂತ್ರ ಬಂತು. ಮೇಲೆ ಕಾಲನಿಯಲ್ಲಿ ಮಾತ್ರ 1980ರ ದಶಕದಲ್ಲೂ ಒಣ ಕಕ್ಕಸನ್ನು ನಮ್ಮವರು ಕೈಯಾರೆ ಬಳಿಯುತ್ತಿದ್ದರು. ಆ ಕಾಲನಿಯಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಇದರ ವಿರುದ್ಧ ಎದ್ದು ನಿಂತರು, ದೇಶಕ್ಕೆಲ್ಲ ಆ ಹೋರಾಟವನ್ನು ಹಬ್ಬಿಸಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಣಿಯ ಯಂತ್ರ ನಿಂತದ್ದು ಚಿನ್ನಕ್ಕಾಗಿ. ನಮ್ಮ ಕೈಗೆ ಬದಲಿಯಾಗಿ ಯಂತ್ರ ಯಾಕೆ ಬರಲಿಲ್ಲ ಅಂದರೆ ನಮ್ಮ ಕೈ ಯಂತ್ರಕ್ಕಿಂತ ಅಗ್ಗವಾಗಿತ್ತು. ಸವಣೂರಿನ ಭಂಗಿ ಜನ 2010ರ ಜುಲೈನಲ್ಲಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು. ಆಮೇಲೆಯೇ ಅವರು ಮನುಷ್ಯರು ಅಂತ ಅಧಿಕಾರಿಗಳಿಗೆ ಕಂಡಿದ್ದು.

ಬುಟ್ಟಿ ಹೋಗಿ ಬಕೀಟು ಬಂತು. ಬಕೀಟು ಹೋಗಿ ತಳ್ಳುಗಾಡಿ ಬಂತು. ತಳ್ಳುಗಾಡಿ ಹೋಗಿ ಲಾರಿ ಬಂತು. ಸಾಮಾನು ಬದಲಾಯಿತು, ಅದನ್ನು ಹಿಡಿಯುವ ಕೇರಿ ಬದಲಾಗಲಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ಮುಂಬೈನ ಹತ್ತಿ ಗಿರಣಿಗಳಲ್ಲೂ ಯಂತ್ರ ಇತ್ತು. ನೂಲುವ ಖಾತೆಯಲ್ಲಿ ಕಡಿಮೆ ಕೂಲಿಗೆ ಅಸ್ಪೃಶ್ಯರನ್ನು ಸೇರಿಸಿಕೊಳ್ಳುತ್ತಿದ್ದರು. ಹೆಚ್ಚು ಕೂಲಿ ಸಿಗುವ ನೇಯ್ಗೆ ಖಾತೆಗೆ ಸೇರಿಸುತ್ತಿರಲಿಲ್ಲ. ಕಾರಣ ಏನು ಗೊತ್ತೆ? ಲಾಳಿಯ ದಾರವನ್ನು ಬಾಯಿಯಿಂದ ಹೀರಿ ಎಳೆಯಬೇಕಿತ್ತು, ನಮ್ಮವರ ಎಂಜಲು ತಾಕಿದರೆ ಜಾತಿಯವರಿಗೆ ಮೈಲಿಗೆ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕೆಂಬಾವುಟದ ಮುಖಂಡರ ಮುಂದಿಟ್ಟರು. ಎಲ್ಲ ಕಾರ್ಮಿಕರೂ ಒಂದು ಅನ್ನುವವರು ಮೊದಲು ಮಗ್ಗದ ಬಾಗಿಲು ತೆಗೆಸಿ ಅಂದರು. ನೂರು ವರ್ಷ ಆಗುತ್ತಾ ಬಂತು. ಅಂದು ದಾರ ಹೀರುವ ಮಗ್ಗ ನಮಗಿಲ್ಲ ಅಂದರು. ಇಂದು ಹೇಲು ಹೀರುವ ಪೈಪು ಮಾತ್ರ ನಮಗೆ ಅಂತಾರೆ. ಯಂತ್ರಕ್ಕೆ ಜಾತಿ ಇಲ್ಲ, ಸರಿ. ಯಂತ್ರದ ಸುತ್ತ ನಿಲ್ಲುವ ಜಾಗಗಳಿಗೆ ಜಾತಿ ಇದೆ.

ಸೀಟಿಗೆ ನಮ್ಮವರು ಯಾಕೆ ಹತ್ತಲಿಲ್ಲ? ಹತ್ತಲು ಲಾರಿಯ ಲೈಸೆನ್ಸು ಬೇಕು. 2019ರವರೆಗೆ ಅದಕ್ಕೆ ಎಂಟನೇ ಕ್ಲಾಸು ಓದಿರಬೇಕಿತ್ತು. ಗುಂಡಿಗೆ ಇಳಿಯುವವನಿಗೆ ಯಾರೂ ಮಾರ್ಕ್ಸ್ ಕಾರ್ಡು ಕೇಳಿರಲಿಲ್ಲ. ಈಗ ಆ ನಿಯಮ ಹೋಗಿದೆ. ಆದರೂ ಮೊದಲು ಸಣ್ಣ ಗಾಡಿಯ ಲೈಸೆನ್ಸು ಪಡೆದು ಒಂದು ವರ್ಷ ಕಳೆಯಬೇಕು, ತರಬೇತಿ ಶಾಲೆಗೆ ದುಡ್ಡು ಕಟ್ಟಬೇಕು, ಕಲಿಯುವ ದಿನಗಳ ಕೂಲಿ ಬಿಡಬೇಕು. ಇಪ್ಪತ್ತು ವರ್ಷ ಪೈಪು ಹಿಡಿದವನಿಗೆ ಪಂಪಿನ ಸದ್ದು ಕೇಳಿದರೆ ಸಾಕು, ಎಲ್ಲಿ ಕಟ್ಟಿದೆ ಅಂತ ಹೇಳುತ್ತಾನೆ. ಆ ವಿದ್ಯೆಗೆ ಸರ್ಟಿಫಿಕೇಟಿಲ್ಲ. ನಿನ್ನೆ ಬಂದ ಡ್ರೈವರು ಅವನನ್ನು ಏಕವಚನದಲ್ಲಿ ಕೂಗುತ್ತಾನೆ.

ಸೀಟು ಸಿಕ್ಕರೂ ಅದು ಯಾರ ಸೀಟು? ಬಹಳ ಕಡೆ ಗುತ್ತಿಗೆದಾರನದು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತಾಗ ಸರ್ಕಾರ ಮಣಿಯಿತು, ಗುಡಿಸುವವರನ್ನು ಕಾಯಂ ಮಾಡುವ ದಾರಿ ತೆರೆಯಿತು. ಅದು ನಮ್ಮ ಅಕ್ಕತಂಗಿಯರು ಗೆದ್ದ ಗೆಲುವು. ಆದರೆ ಗಾಡಿ ಓಡಿಸುವವರು, ಲೋಡರುಗಳು, ಹೆಲ್ಪರುಗಳು, ಒಳಚರಂಡಿಯವರು ತಮ್ಮದೂ ಅದೇ ಕೂಗು ಅಂದರೆ, ನೀವು ಪೌರಕಾರ್ಮಿಕರಲ್ಲ ಅನ್ನುವ ಉತ್ತರ ಬಂತು. ಪೊರಕೆ ಹಿಡಿದಾಗ ಪೌರಕಾರ್ಮಿಕ, ಸ್ಟೀರಿಂಗ್ ಹಿಡಿದ ಕೂಡಲೆ ಯಾರಿಗೂ ಬೇಡದವನು. ಇದೆಂಥಾ ಬಡ್ತಿ ಸ್ವಾಮಿ?

ಇನ್ನೊಂದು ದಾರಿಯನ್ನೂ ತೋರಿಸುತ್ತಿದ್ದಾರೆ: ನೀವೇ ಮಾಲೀಕರಾಗಿ. ಹೈದರಾಬಾದಿನ ಜಲಮಂಡಳಿ 2017ರಲ್ಲಿ, ದಲಿತ ಉದ್ಯಮಿಗಳ ಸಂಘದ ಜೊತೆ ಸೇರಿ, ಗಲ್ಲಿಗೆ ಹೋಗುವಂಥ ಸಣ್ಣ ಜೆಟ್ಟಿಂಗ್ ಗಾಡಿಗಳನ್ನು ಇಳಿಸಿತು. 2019ರಲ್ಲಿ ದೆಹಲಿಯಲ್ಲಿ ಅಂಥವೇ 200 ಗಾಡಿಗಳು ಬಂದವು. ಬ್ಯಾಂಕಿನ ಸಾಲ, ಜಲಮಂಡಳಿಯ ಕೆಲಸ, ಗಾಡಿ ದಲಿತರದು. ಕೇರಳದ ಇಂಜಿನಿಯರ್ ಹುಡುಗರು ಮಾಡಿದ ಬ್ಯಾಂಡಿಕೂಟ್ ಅನ್ನುವ ರೋಬೋ 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲಿಗೆ ಇಳಿಯಿತು. ಇವನ್ನೆಲ್ಲ ಹೀಗಳೆಯುವುದು ಬೇಡ. ಗಲ್ಲಿಗೆ ಯಂತ್ರ ಹೋಗುವುದಿಲ್ಲ ಅನ್ನುವ ನೆಪವನ್ನು ಇವು ಸುಳ್ಳು ಮಾಡಿವೆ. ಆದರೆ ಸಾಲದ ಗಾಡಿಗೆ ಕೆಲಸ ಕೊಡುವವನೂ ಬಿಲ್ಲು ಪಾಸು ಮಾಡುವವನೂ ಅದೇ ಆಫೀಸಿನವನು. ಬಿಲ್ಲು ಮೂರು ತಿಂಗಳು ತಡವಾದರೆ ಕಂತು ಕಾಯುವುದಿಲ್ಲ. ಸಾಲಗಾರನನ್ನು ಮಾಲೀಕ ಅಂತ ಕರೆದು ಸರ್ಕಾರ ತನ್ನ ಹೊಣೆಯನ್ನು ಅವನ ಹೆಗಲಿಗೆ ಜಾರಿಸಬಾರದು. ಮಾಲೀಕರಾಗಲು ಬಲ ಇದ್ದವರು ಆಗಲಿ. ಉಳಿದ ಎಲ್ಲರಿಗೂ ಕಾಯಂ ಕೆಲಸವೇ ಬೇಕು.

ಈಗ ನಮ್ಮೊಳಗಿನ ಜಗಳಕ್ಕೆ ಬರೋಣ. ಹಾಸ್ಟೆಲ್ ಕೋಣೆಗಳಲ್ಲಿ ರಾತ್ರಿ ಇದು ನಡೆಯುತ್ತಲೇ ಇರುತ್ತದೆ. ಒಬ್ಬ ಹೇಳ್ತಾನೆ: "ಈ ಹಾಳು ಕೆಲಸವೇ ಬೇಡ. ಸೀಟೂ ಬೇಡ, ಪೈಪೂ ಬೇಡ. ಬಾಬಾಸಾಹೇಬರು ಹೊಲಸು ಕೆಲಸ ಬಿಡಿ ಅಂದಿಲ್ಲವೆ? ಸೀಟು ನಮಗೇ ಕೊಡಿ ಅಂತ ಕೇಳಿದರೆ ಜಾತಿಯನ್ನು ನಾವೇ ಮೀಸಲು ಮಾಡಿಕೊಂಡ ಹಾಗೆ." ಇನ್ನೊಬ್ಬ ಹೇಳ್ತಾನೆ: "ನಿನಗೆ ಡಿಗ್ರಿ ಇದೆ, ಹೇಳ್ತೀಯ. ನಮ್ಮಪ್ಪನಿಗೆ ಐವತ್ತು ವರ್ಷ. ಯಂತ್ರ ಬಂತು ಅಂತ ಅವನನ್ನು ಮನೆಗೆ ಕಳಿಸಿ, ಸೀಟಿನಲ್ಲಿ ಗುತ್ತಿಗೆದಾರನ ಭಾವಮೈದ ಕೂತರೆ ನಮ್ಮ ಮನೆಯ ಒಲೆ ಹತ್ತೋದು ಹೇಗೆ?"

ಇಬ್ಬರೂ ಆಡುತ್ತಿರುವುದು ನಿಜ. ನಾವು ಇಬ್ಬರ ಮಾತನ್ನೂ ಬಿಡದೆ ಒಂದು ನಿಲುವಿಗೆ ಬಂದಿದ್ದೇವೆ. ಗುಂಡಿಗೆ ಯಾರೂ ಇಳಿಯಕೂಡದು, ಗಂಬೂಟು ಹಾಕಿಕೊಂಡೂ ಇಳಿಯಕೂಡದು. ಯಂತ್ರದ ಸೀಟು, ಪಂಪಿನ ರಿಪೇರಿ, ಶೆಡ್ಡಿನ ಮೇಸ್ತ್ರಿಕೆ ಇವುಗಳ ಮೊದಲ ಹಕ್ಕು ಇಂದು ಗುಂಡಿಯ ಬಾಯಲ್ಲಿ ನಿಂತಿರುವವನದು. ಅದು ಭಿಕ್ಷೆಯಲ್ಲ, ಬಾಕಿ. ಆದರೆ ಆ ಹಕ್ಕು ಅವನ ತಲೆಗೇ ಮುಗಿಯಬೇಕು, ಮಗನಿಗೆ ಬಳುವಳಿಯಾಗಿ ಇಳಿಯಬಾರದು. ಮಗ, ಮಗಳು ಏನು ಬೇಕಾದರೂ ಓದಲಿ, ಏನು ಬೇಕಾದರೂ ಆಗಲಿ. ಆ ಸೀಟಿಗೆ ಒಳ್ಳೆ ಸಂಬಳ, ಪಿಂಚಣಿ, ಮರ್ಯಾದೆ ಬಂದ ಮೇಲೆ ಬೇರೆ ಜಾತಿಯವರೂ ಅರ್ಜಿ ಹಾಕುತ್ತಾರೆ, ಹಾಕಲಿ. ಆದರೆ ಸೀಟಿಗೆ ಬಂದವನು ಪೈಪನ್ನೂ ಹಿಡಿಯಬೇಕು. ಸರದಿಯ ಮೇಲೆ ಇಬ್ಬರೂ ಎರಡೂ ಕೆಲಸ ಮಾಡಬೇಕು. ಊರಿನ ಎಲ್ಲ ಜಾತಿಯ ಹೇಲೂ ಒಂದೇ ಟ್ಯಾಂಕಿಗೆ ಬೀಳುವಾಗ, ಪೈಪು ಮಾತ್ರ ಯಾಕೆ ಒಂದೇ ಜಾತಿಯ ಕೈಯಲ್ಲಿರಬೇಕು?

ಗೆಳೆಯರೆ, ಇದನ್ನು ಓದಿ ಮಡಿಚಿ ಇಡಬೇಡಿ. ನಿಮ್ಮ ಹಾಸ್ಟೆಲ್ಲಿನಿಂದಲೇ ಶುರುಮಾಡಿ. ನಮ್ಮ ಹಾಸ್ಟೆಲ್ಲಿನ ಕಕ್ಕಸುಗುಂಡಿ ತುಂಬಿದಾಗ ಯಾರು ಬರುತ್ತಾರೆ? ಎಷ್ಟು ಜನ ಬರುತ್ತಾರೆ? ಯಾರಾದರೂ ಇಳಿಯುತ್ತಾರಾ? ಬಾಬಾಸಾಹೇಬರ ಫೋಟೋ ತೂಗುಹಾಕಿದ ಕಟ್ಟಡದ ಹಿಂದೆಯೇ ನಮ್ಮ ಚಿಕ್ಕಪ್ಪನಂಥವನೊಬ್ಬ ಗುಂಡಿಗೆ ಇಳಿದರೆ, ನಾವು ಒಳಗೆ ಕೂತು ಓದುವ ಪಾಠ ಎಂಥದ್ದು? ಇಳಿಸುವುದು ಕಂಡರೆ ನಿಲ್ಲಿಸಿ. ವಾರ್ಡನ್ನರಿಗೆ 2013ರ ಕಾಯ್ದೆಯ 7ನೇ ಕಲಂ ಓದಿ ಹೇಳಿ. ಕಾಯ್ದೆಯಲ್ಲಿ ವಾರ್ಡನ್ನರಿಗೆ ವಿನಾಯಿತಿ ಇಲ್ಲ.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಪುರಸಭೆಯಲ್ಲಿ ಎಷ್ಟು ಯಂತ್ರ ಇವೆ, ಎಷ್ಟು ಓಡುತ್ತಿವೆ, ಕಳೆದ ವರ್ಷ ರಿಪೇರಿಗೆ ಎಷ್ಟು ಖರ್ಚಾಯಿತು, ಆಪರೇಟರ್ ಮತ್ತು ಹೆಲ್ಪರ್ ಯಾರ ಸಂಬಳಪಟ್ಟಿಯಲ್ಲಿದ್ದಾರೆ, ಇಷ್ಟು ಕೇಳಿ. ಭಾನುವಾರ ಕಾಲನಿಗೆ ಹೋಗಿ ಲೈಸೆನ್ಸಿನ ಅರ್ಜಿ ತುಂಬಿಕೊಡಿ, ಪಿ.ಎಫ್. ಕಟ್ಟಿದ್ದಾರಾ ಅಂತ ನೋಡಿ. ಐ.ಟಿ.ಐ.ಯಲ್ಲಿ, ಇಂಜಿನಿಯರಿಂಗಿನಲ್ಲಿ ಓದುತ್ತಿರುವ ತಮ್ಮಂದಿರೆ, ತಂಗಿಯರೆ, ನಿಮ್ಮ ಪ್ರಾಜೆಕ್ಟಿಗೆ ಬೊಂಬೆ ಯಂತ್ರ ಮಾಡುವ ಬದಲು ನಮ್ಮ ಕೇರಿಯ ಸಂದಿಗೆ ಹೋಗುವ ಒಂದು ಪಂಪಿನ ನಕ್ಷೆ ಬರೆಯಿರಿ. ಪೈಪು ಹಿಡಿದ ಅಣ್ಣನನ್ನು ಗುರು ಅಂತ ಕೂರಿಸಿಕೊಂಡು ಬರೆಯಿರಿ. ಅವನಿಗೆ ಗೊತ್ತಿರುವುದು ನಿಮ್ಮ ಪುಸ್ತಕದಲ್ಲಿಲ್ಲ.

ನಮ್ಮ ಬೇಡಿಕೆಗಳು ಇಷ್ಟು:

1. ಯಾವ ಕಾರಣಕ್ಕೂ ಗುಂಡಿಗಾಗಲಿ, ಗಾಡಿಯ ಟ್ಯಾಂಕಿಗಾಗಲಿ ಮನುಷ್ಯನನ್ನು ಇಳಿಸಕೂಡದು. ಕಾಯ್ದೆಯ ಕಿಂಡಿ ಮುಚ್ಚಬೇಕು.

2. ಆಪರೇಟರ್, ಹೆಲ್ಪರ್, ಮೆಕ್ಯಾನಿಕ್ ಹುದ್ದೆಗಳು ಸ್ಥಳೀಯ ಸಂಸ್ಥೆಯ ಕಾಯಂ ಹುದ್ದೆಗಳಾಗಬೇಕು, ಗುತ್ತಿಗೆ ಹೋಗಬೇಕು.

3. ಈಗ ಈ ಕೆಲಸದಲ್ಲಿರುವವರಿಗೆ ಕೂಲಿ ಸಹಿತ ತರಬೇತಿ, ಲೈಸೆನ್ಸಿನ ಖರ್ಚು, ಸೀಟಿನ ಮೊದಲ ಹಕ್ಕು.

4. ಪ್ರತಿ ಯಂತ್ರಕ್ಕೆ ಗ್ಯಾಸು ಅಳೆಯುವ ಮೀಟರು, ರಿಪೇರಿಗೆ ಬೇರೆ ಹಣ. ಯಂತ್ರ ಕೆಟ್ಟ ದಿನ ಕೆಲಸ ನಿಲ್ಲಬೇಕು, ಕೂಲಿ ನಿಲ್ಲಬಾರದು.

5. ಸಾವಾದ ಕಡೆ ಗುತ್ತಿಗೆದಾರನ ಜೊತೆ ಕೆಲಸ ಹೇಳಿದ ಅಧಿಕಾರಿಯ ಮೇಲೂ ಕೇಸು.

ಮಂಗಳ ಗ್ರಹಕ್ಕೆ ಗಾಡಿ ಕಳಿಸಿದ ದೇಶ ಇದು, 2014ರಲ್ಲೇ ಅದು ತಲುಪಿಯೂ ಆಯಿತು. ಇಪ್ಪತ್ತು ಅಡಿ ಆಳದ ಗುಂಡಿಗೆ ಮಾತ್ರ ಇನ್ನೂ ನಮ್ಮಣ್ಣನನ್ನು ಕಳಿಸುತ್ತದೆ. ವಿಜ್ಞಾನ ಸಾಲದೆ ಅಲ್ಲ, ಮನಸ್ಸಿಲ್ಲದೆ. ಆ ಮನಸ್ಸು ತಾನಾಗಿ ಬರುವುದಿಲ್ಲ, ನಾವು ಬರಿಸಬೇಕು. ಮುಂದಿನ ಸಭೆಗೆ ಬರುವಾಗ ನಿಮ್ಮ ಊರಿನ ಯಂತ್ರದ ಲೆಕ್ಕವನ್ನು ಬರೆದುಕೊಂಡು ಬನ್ನಿ. ಪೈಪು ಹಿಡಿದ ಅಣ್ಣನನ್ನೂ ಕರೆದುಕೊಂಡು ಬನ್ನಿ. ಅವನು ವೇದಿಕೆಯ ಮೇಲೆ ಕೂರಲಿ.

ಜೈ ಭೀಮ್.